ಸಯನೈಡ್ ದಿಬ್ಬದ ಮೇಲೊಂದು ಯುಗಳಗೀತೆ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದವರಿಗೆ ಮೊದಲು ಎದುರಾಗುವುದು ಭಾಷೆಗಳ ಸಂತೆ. ಕನ್ನಡದಲ್ಲಿ ಕೂಗಿ ಕರೆದ ವ್ಯಾಪಾರಿ ತೆಲುಗಿನಲ್ಲಿ ಚಿಲ್ಲರೆ ಎಣಿಸುತ್ತಾನೆ, ಪರಿಚಯದವರು ಸಿಕ್ಕರೆ ತಮಿಳಿಗೆ ಹೊರಳುತ್ತಾನೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಹೆಸರಿನಲ್ಲಿ ಇದು ಹಿಂದೆ ಬೌರಿಂಗ್‌ಪೇಟೆಯಾಗಿತ್ತು. ಪಕ್ಕದಲ್ಲೇ ಚಿನ್ನದ ಗಣಿ ಇದ್ದುದರಿಂದಲೋ ಏನೋ, ಬಂಗಾರಪೇಟೆ ಎಂಬ ಹೆಸರು ಊರಿಗೆ ಸಲೀಸಾಗಿ ಒಗ್ಗಿಕೊಂಡಿತು.

ಮದರಾಸಿನ ಕಡೆಗೆ ಹೋಗುವ ದೊಡ್ಡ ಗಾಡಿಗಳು ಇಲ್ಲಿ ಒಂದಿಷ್ಟು ನಿಂತು ಮುಂದೆ ಸಾಗುತ್ತವೆ. ಮಾರಿಕುಪ್ಪಂ ಕಡೆಗೆ ತಿರುಗುವ ಕವಲು ಹಳಿ ಮಾತ್ರ ಕೋಲಾರ ಚಿನ್ನದ ಗಣಿಯದೇ ಸ್ವತ್ತು. ಗಣಿಗಳಿಗಾಗಿಯೇ 1890ರ ದಶಕದಲ್ಲಿ ಹಾಕಿದ ಈ ಸುಮಾರು 16 ಕಿಲೋಮೀಟರ್ ಹಳಿಯ ಮೇಲೆ ಹಿಂದೆ ಯಂತ್ರಗಳೂ ಕಲ್ಲಿದ್ದಲೂ ಬರುತ್ತಿದ್ದವು. ಈಗ ಬರುವವರು ಬೆಂಗಳೂರಿಗೆ ದುಡಿಯಲು ಹೋಗಿ ಬರುವ ಜನ, ಕಾಲೇಜಿನ ಹುಡುಗ ಹುಡುಗಿಯರು.

ಸಂಜೆಯ ಗಾಡಿಯಲ್ಲಿ ಒಂದು ನೋಟ ಸಾಮಾನ್ಯ. ಒಂದೇ ಇಯರ್‌ಫೋನಿನ ಎರಡು ತುದಿಗಳನ್ನು ಕಿವಿಗೆ ಹಂಚಿಕೊಂಡು ಇಬ್ಬರು ಎಳೆಯರು ಕುಳಿತಿರುತ್ತಾರೆ. ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಹಾಡೇ ಹೇಳಬೇಕು. ಎದುರು ಸೀಟಿನ ಹಿರಿಯರು ಇಬ್ಬರನ್ನೂ ಒಮ್ಮೆ ನೋಡಿ ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಾರೆ. ಆ ಮುಖ ತಿರುಗಿಸುವಿಕೆಯಲ್ಲಿ ಕೋಪ ಕಡಿಮೆ, ಮುಜುಗರ ಹೆಚ್ಚು. ಮನೆಯಲ್ಲಿ ಟಿ.ವಿ. ನೋಡುವಾಗ ನಾಯಕ ನಾಯಕಿಯರು ಹತ್ತಿರವಾದ ಕೂಡಲೇ ಅಪ್ಪನಿಗೆ ಬಾಯಾರಿಕೆಯಾಗುವುದು, ಅಮ್ಮನಿಗೆ ಒಲೆಯ ಮೇಲಿನ ಹಾಲು ನೆನಪಾಗುವುದು ಯಾವ ಮನೆಗೆ ಹೊಸತು?

ಇಂಥ ಮೌನಕ್ಕೂ ಈ ಗಣಿಯೂರಿಗೂ ಏನು ಸಂಬಂಧ ಎಂದು ಕೇಳಬಹುದು. ಊರನ್ನು ಒಂದು ಸುತ್ತು ಹಾಕಿದರೆ ಉತ್ತರ ಸಿಗುತ್ತದೆ.

ಮೇಲೆ ದಿಬ್ಬ, ಕೆಳಗೆ ಪಾತಾಳ

1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಉರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ದಾಖಲಿಸಿದ. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಗಣಿ ಅಗೆಯುವ ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆಯ ಹೆಸರು ಆತನದೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಭೂಮಿ ನಿಜವಾಗಿ ಬಾಯಿ ತೆರೆಯಿತು. ಚಾಂಪಿಯನ್ ರೀಫ್ ಗಣಿ 3,200 ಮೀಟರಿಗೂ ಕೆಳಗಿಳಿದು ಪ್ರಪಂಚದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಇಲ್ಲಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬರಲು ಇನ್ನೂ ಮೂರು ವರ್ಷ ಕಾಯಬೇಕಾಯಿತು.

ಮೇಲೆ ಊರು ಎರಡಾಗಿ ಬೆಳೆಯಿತು. ಒಂದು ಕಡೆ ಬಂಗಲೆ, ಹೂತೋಟ, ಕ್ಲಬ್ಬು, ಗಾಲ್ಫ್ ಮೈದಾನ. ಇನ್ನೊಂದು ಕಡೆ ಕಾರ್ಮಿಕರ ‘ಲೈನ್’ಗಳು, ಅಂದರೆ ಸಾಲು ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಬಂಗಲೆಯಲ್ಲಿ ಪಾಶ್ಚಾತ್ಯ ನೃತ್ಯದ ವಾದ್ಯಗೋಷ್ಠಿ, ಲೈನಿನಲ್ಲಿ ಪರೈ ವಾದ್ಯದ ಬಡಿತ, ಭಾನುವಾರ ಚರ್ಚಿನ ಗಾನವೃಂದ. ಲೈನಿನ ಮನೆಯಲ್ಲಿ ಏಕಾಂತವೆಂಬುದಿರಲಿಲ್ಲ. ಹೊಸದಾಗಿ ಮದುವೆಯಾದವರೂ ಅತ್ತೆ, ಮಾವ, ನಾದಿನಿ, ಮೈದುನರ ಜೊತೆ ಒಂದೇ ಸೂರಿನಡಿ ಮಲಗಬೇಕಿತ್ತು. ಬಂಗಲೆಯಲ್ಲಿ ಕೋಣೆಗಳಿದ್ದವು, ಬಾಗಿಲುಗಳಿದ್ದವು, ಬಾಗಿಲಾಚೆ ಕೆಲಸ ಮಾಡುವವರು ಲೈನಿನಿಂದ ಬಂದವರಾಗಿದ್ದರು. ಯಾರಿಗೆ ಏಕಾಂತ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದೂ ಪ್ರೇಮದ ಕಥೆಯ ಒಂದು ಭಾಗವೇ. ಈ ಮಾತು ಮುಂದೆ ಮತ್ತೆ ಬರುತ್ತದೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಷ್ಟರಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಟುಹೋಗಿತ್ತು. ಉಳಿದದ್ದು ದಿಬ್ಬಗಳು. ಕಲ್ಲನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ಬೇರ್ಪಡಿಸಿದ ಮೇಲೆ ಉಳಿದ ನಯವಾದ ಮಣ್ಣನ್ನು ನೂರು ವರ್ಷ ಒಂದೆಡೆ ಸುರಿಯುತ್ತ ಬಂದರೆ ಏನಾಗಬೇಕೋ ಅದೇ ಆಯಿತು. ಮೂರು ಕೋಟಿ ಟನ್ನಿಗೂ ಮಿಕ್ಕಿದ ಮಣ್ಣು ಊರಿನ ನಡುವೆ ಗುಡ್ಡಗಳಾಗಿ ನಿಂತಿತು. ಹುಲ್ಲು ಕೂಡ ಕಷ್ಟದಿಂದ ಹುಟ್ಟುವ, ಗಾಳಿ ಬೀಸಿದರೆ ಅಡುಗೆಮನೆಗೆ ಧೂಳು ನುಗ್ಗಿಸುವ ಬೋಳು ಗುಡ್ಡಗಳು. ಊರಿನವರು ಅವನ್ನು ‘ಸಯನೈಡ್ ದಿಬ್ಬ’ ಎನ್ನುತ್ತಾರೆ.

ದಿಬ್ಬಕ್ಕೆ ಬಂದ ಕ್ಯಾಮೆರಾ

ಬರಿಗಣ್ಣಿಗೆ ದಿಬ್ಬ ಎಷ್ಟೇ ಬರಡಾಗಿ ಕಂಡರೂ ಕ್ಯಾಮೆರಾಕ್ಕೆ ಅದು ಮರಳುಗಾಡು. ಮಳೆ ಕೊರೆದ ಗೀರುಗಳು, ತಿಳಿ ಹಳದಿಯ ಇಳಿಜಾರು, ಮೇಲೆ ತುಂಡಿಲ್ಲದ ಆಕಾಶ. ಅದಕ್ಕೇ ತಮಿಳು, ಕನ್ನಡ ಚಿತ್ರತಂಡಗಳು ಇಲ್ಲಿಗೆ ಬಂದವು. ಹೊಡೆದಾಟ ತೆಗೆದವು, ಹಾಡು ತೆಗೆದವು. ದೊಡ್ಡ ಸ್ಪೀಕರಿನಲ್ಲಿ ಯುಗಳಗೀತೆ ಮೊಳಗುತ್ತಿರಬೇಕು, ನಾಯಕಿಯ ಸೆರಗು ಗಾಳಿಯಲ್ಲಿ ಹಾರುತ್ತಿರಬೇಕು, ಕೆಳಗೆ ನಿಂತ ಊರಿನ ಮಕ್ಕಳು ಶಾಲೆ ಮರೆತು ನೋಡುತ್ತಿರಬೇಕು. ತೆರೆಯ ಮೇಲೆ ಅದು ಯಾವುದೋ ಕನಸಿನ ನಾಡು. ಊರಿನವರಿಗೆ ಮಾತ್ರ ಗೊತ್ತು, ಜೋಡಿ ಕುಣಿಯುತ್ತಿರುವುದು ಚಿನ್ನವೆಲ್ಲ ಬಸಿದುಹೋದ ಮೇಲೆ ಉಳಿದ ಮಣ್ಣಿನ ಮೇಲೆ ಎಂದು.

ನಮ್ಮ ಸಿನಿಮಾದ ಪ್ರೇಮಗೀತೆಯ ಒಟ್ಟು ಸ್ವಭಾವವನ್ನು ಈ ಚಿತ್ರ ಹೇಳಿಬಿಡುತ್ತದೆ. ಇಬ್ಬರು ಪ್ರೀತಿಸುತ್ತಾರೆ, ಹತ್ತಿರವಾಗುತ್ತಾರೆ. ಆ ಹತ್ತಿರವನ್ನು ಹೇಗೆ ತೋರಿಸುವುದು? ಸೆನ್ಸಾರಿನ ಕತ್ತರಿ, ಕುಟುಂಬ ಸಮೇತ ಬರುವ ಪ್ರೇಕ್ಷಕರು, ನಟನಟಿಯರ ಸಂಕೋಚ ಎಲ್ಲಕ್ಕೂ ಒಂದೇ ಪರಿಹಾರ ಹಾಡು. ಪಲ್ಲವಿಯಲ್ಲಿ ಕಣ್ಣೋಟ, ಚರಣದಲ್ಲಿ ಮಳೆ, ಕೊನೆಗೆ ಎರಡು ಹೂವುಗಳ ಸ್ಪರ್ಶ. ಮಿಕ್ಕದ್ದು ಪ್ರೇಕ್ಷಕನ ಕಲ್ಪನೆಗೆ ಬಿಟ್ಟದ್ದು. ಇದನ್ನು ಸುಮ್ಮನೆ ಗೇಲಿ ಮಾಡಬೇಕಿಲ್ಲ. ಹೇಳಲಾಗದ್ದನ್ನು ಹಾಡಾಗಿಸುವುದು ನಮ್ಮ ಜನಪದದಿಂದಲೇ ಬಂದ ಜಾಣತನ.

ಆ ಜಾಣತನ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ 1997ರ ‘ನಾಗಮಂಡಲ’ ಸಾಕ್ಷಿ. ಗಿರೀಶ ಕಾರ್ನಾಡರ ನಾಟಕವನ್ನು ಟಿ.ಎಸ್. ನಾಗಾಭರಣ ತೆರೆಗೆ ತಂದರು. ಸಿ. ಅಶ್ವಥ್ ಸಂಗೀತ ನೀಡಿದರು. ಗಂಡ ಹಗಲಿನಲ್ಲಿ ಕಲ್ಲು, ರಾತ್ರಿ ಅವನದೇ ರೂಪದಲ್ಲಿ ಬರುವ ನಾಗ ಮಾತ್ರ ಪ್ರೇಮಿ. ಹೆಣ್ಣೊಬ್ಬಳು ಮೊದಲ ಬಾರಿಗೆ ಪ್ರೀತಿಯ ಸ್ಪರ್ಶವನ್ನು ಅರಿಯುವ ಕಥೆ ಇದು. ಅಲ್ಲಿ ಹಾಡು ಕೇವಲ ಪರದೆಯಾಗಿ ಉಳಿಯದೆ, ಬಾಯಿಬಿಟ್ಟು ಹೇಳಲಾಗದ ಅವಳ ಬಯಕೆಗೆ ಬಾಯಾಗುತ್ತದೆ.

ಆದರೆ ಪ್ರತಿ ಹಾಡೂ ಹಾಗಿರುವುದಿಲ್ಲ. ಹೆಚ್ಚಿನವು ಸಯನೈಡ್ ದಿಬ್ಬದ ಮೇಲಿನ ಕುಣಿತವಷ್ಟೆ. ಕೆಳಗಿನ ಆಳಕ್ಕೆ, ಅಂದರೆ ಹೊಣೆಗೆ, ಭಯಕ್ಕೆ, ಒಪ್ಪಿಗೆಗೆ, ಪರಿಣಾಮಕ್ಕೆ ಅವು ಇಳಿಯುವುದೇ ಇಲ್ಲ. ಪ್ರೀತಿಯ ಪಾಠವನ್ನು ಹಾಡಿನಿಂದಷ್ಟೇ ಕಲಿತ ಎಳೆಯರಿಗೆ ಹಾಡು ಮುಗಿದ ಮೇಲೆ ಏನಾಗುತ್ತದೆಂದು ಹೇಳುವವರು ಯಾರೂ ಇರುವುದಿಲ್ಲ.

ಒಂಬತ್ತು ಹಾಡುಗಳ ಇಂಗ್ಲಿಷ್ ಚಿತ್ರ

ಹಾಗಾದರೆ ಪರದೆ ಸರಿಸಿ ಎಲ್ಲವನ್ನೂ ತೋರಿಸಿಬಿಡುವುದೇ ಪರಿಹಾರವೇ? ಬ್ರಿಟನ್ನಿನ ಮೈಕೇಲ್ ವಿಂಟರ್‌ಬಾಟಮ್ ಎಂಬ ನಿರ್ದೇಶಕ 2004ರಲ್ಲಿ ಅದನ್ನೇ ಮಾಡಿ ನೋಡಿದ. ಆತನ ‘ನೈನ್ ಸಾಂಗ್ಸ್’ ಚಿತ್ರದಲ್ಲಿ ಲಂಡನ್ನಿನ ಇಬ್ಬರು ಪ್ರೇಮಿಗಳು ರಾಕ್ ಸಂಗೀತದ ಕಛೇರಿಗಳಿಗೆ ಹೋಗುತ್ತಾರೆ, ಮನೆಗೆ ಬರುತ್ತಾರೆ. ಒಂದು ಹಾಡು, ಒಂದು ಶಯನಗೃಹದ ದೃಶ್ಯ, ಮತ್ತೆ ಹಾಡು. ಮುಚ್ಚುಮರೆಯಿಲ್ಲದ ಆ ದೃಶ್ಯಗಳಿಂದಾಗಿ ಅಲ್ಲಿ ದೊಡ್ಡ ಗುಲ್ಲೆದ್ದಿತು. ಬ್ರಿಟನ್ನಿನಲ್ಲಿ ಅದಕ್ಕೆ ಸಿಕ್ಕಿದ್ದು ಹದಿನೆಂಟು ದಾಟಿದವರಿಗೆ ಮಾತ್ರ ಎಂಬ ಪ್ರಮಾಣಪತ್ರ. ಅದು ಮಕ್ಕಳು ನೋಡುವ ಚಿತ್ರವಲ್ಲ.

ಆದರೂ ಅದರ ಕಟ್ಟೋಣದಲ್ಲಿ ಯೋಚಿಸಬೇಕಾದ ಒಂದು ಅಂಶವಿದೆ. ಕಥೆಯ ನಾಯಕ ಹಿಮನದಿಗಳ ಅಧ್ಯಯನ ಮಾಡುವ ವಿಜ್ಞಾನಿ. ಪ್ರೇಮ ಮುಗಿದ ಮೇಲೆ ಅಂಟಾರ್ಟಿಕದ ಬೆಳ್ಳನೆಯ ಬಯಲಿನಲ್ಲಿ ನಿಂತು ಅವನು ಎಲ್ಲವನ್ನೂ ನೆನೆಯುತ್ತಾನೆ. ನೆನಪಿನಲ್ಲಿ ಉಳಿದಿರುವುದು ಹಾಡುಗಳು ಮತ್ತು ದೇಹದ ಸಾಮೀಪ್ಯ. ಅವಳು ಏನು ಯೋಚಿಸುತ್ತಿದ್ದಳು, ಏಕೆ ಹೊರಟುಹೋದಳು ಎಂಬುದು ಅವನಿಗೂ ತಿಳಿಯದು, ನೋಡುವವರಿಗೂ ತಿಳಿಯದು. ನಮ್ಮ ಯುಗಳಗೀತೆ ಮುಚ್ಚಿಟ್ಟು ಆಳಕ್ಕಿಳಿಯದಿದ್ದರೆ, ಆ ಚಿತ್ರ ಬಿಚ್ಚಿಟ್ಟೂ ಆಳವನ್ನು ಮುಟ್ಟಲಿಲ್ಲ. ತೋರಿಸುವುದು ಬೇರೆ, ತಿಳಿಸುವುದು ಬೇರೆ.

ಗಡಿ ದಾಟಿದ ‘ಕೋಕಿಲ’

ಮೂರನೆಯ ದಾರಿಯೊಂದನ್ನು ಕನ್ನಡ ಚಿತ್ರವೊಂದು ಇಂಗ್ಲಿಷ್ ಚಿತ್ರಕ್ಕಿಂತ 27 ವರ್ಷ ಮೊದಲೇ ಹಿಡಿದಿತ್ತು. ಅದು 1977ರಲ್ಲಿ ತೆರೆಕಂಡ ‘ಕೋಕಿಲ’. ಕನ್ನಡ, ತಮಿಳು ಒಂದೇ ಬೀದಿಯಲ್ಲಿ ಬಾಳುವ ಈ ಗಣಿಯೂರಿನಲ್ಲಿ ನಿಂತು ನೆನೆಯಲು ಅದಕ್ಕಿಂತ ತಕ್ಕ ಚಿತ್ರ ಇನ್ನೊಂದು ಸಿಗದು. ಶ್ರೀಲಂಕಾದಲ್ಲಿ ಹುಟ್ಟಿದ ತಮಿಳರು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತವರು ಬಾಲು ಮಹೇಂದ್ರ. ಅವರು ನಿರ್ದೇಶಿಸಿದ ಮೊಟ್ಟಮೊದಲ ಚಿತ್ರ ಇದು, ಅದೂ ಕನ್ನಡದಲ್ಲಿ. ಕಮಲಹಾಸನ್, ಶೋಭಾ, ರೋಜಾರಮಣಿ ಮುಖ್ಯ ಪಾತ್ರಗಳಲ್ಲಿದ್ದರು. ಮುಂದೆ ತಮಿಳಿನಲ್ಲಿ ಹೆಸರಾದ ಮೋಹನ್ ಬೆಳ್ಳಿತೆರೆಗೆ ಬಂದದ್ದೂ ಇದರಿಂದಲೇ. ಕಪ್ಪು ಬಿಳುಪಿನ ಛಾಯಾಗ್ರಹಣಕ್ಕೆ ಬಾಲು ಮಹೇಂದ್ರರಿಗೆ ರಾಷ್ಟ್ರಪ್ರಶಸ್ತಿ ಬಂತು. ಕನ್ನಡದ ಮಾತುಗಳನ್ನಿಟ್ಟುಕೊಂಡೇ ಚಿತ್ರ ಮದರಾಸಿನಲ್ಲಿ ನೂರು ದಿನ ದಾಟಿತು. ಬೇರೆಯವರಿಗೆ ಇದು ಅಚ್ಚರಿ. ದಿನವೂ ಮೂರು ಭಾಷೆಯಲ್ಲಿ ಬದುಕುವ ಕೆ.ಜಿ.ಎಫ್. ಜನರಿಗೆ ಇದರಲ್ಲಿ ಏನು ಅಚ್ಚರಿ?

ಕಥೆ ಸರಳ. ಬ್ಯಾಂಕ್ ನೌಕರಿಯ ಯುವಕನೊಬ್ಬ ಮಧ್ಯಮ ವರ್ಗದ ಮನೆಯೊಂದರಲ್ಲಿ ಕೋಣೆ ಹಿಡಿಯುತ್ತಾನೆ. ಮನೆಯ ಮಗಳು ಕೋಕಿಲ. ಇಬ್ಬರ ನಡುವೆ ಸದ್ದಿಲ್ಲದೆ ಪ್ರೀತಿ ಬೆಳೆಯುತ್ತದೆ. ಅದೇ ಮನೆಯಲ್ಲಿ ಕೆಲಸದ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಕಡೆಗೆ ಯಾರೂ ಗಮನ ಕೊಟ್ಟಿಲ್ಲ. ಒಂದು ದುರ್ಬಲ ಗಳಿಗೆಯಲ್ಲಿ ಯುವಕ ಅವಳ ವಿಷಯದಲ್ಲಿ ತಪ್ಪುತ್ತಾನೆ. ಆಕೆ ಗರ್ಭಿಣಿಯಾಗುತ್ತಾಳೆ. ಮಾಮೂಲಿ ಚಿತ್ರವಾಗಿದ್ದರೆ ಅವಳು ಬಾವಿಗೆ ಹಾರಿ ನಾಯಕನ ದಾರಿ ಸುಗಮ ಮಾಡಬೇಕಿತ್ತು. ಇಲ್ಲಿ ಹಾಗಾಗುವುದಿಲ್ಲ. ಅವನು ತನ್ನ ಪ್ರೀತಿಯನ್ನು ಬಿಟ್ಟು, ತಾನು ಕೆಡಿಸಿದ ಬದುಕಿನ ಹೊಣೆ ಹೊತ್ತು ಅವಳ ಜೊತೆ ಬಾಳಲು ಹೊರಡುತ್ತಾನೆ.

ಸಂಗೀತ ಸಲೀಲ್ ಚೌಧುರಿ ಅವರದು. ‘ಮಧುಮತಿ’, ‘ಚೆಮ್ಮೀನ್’ ಚಿತ್ರಗಳ ಹಾಡುಗಳಿಂದ ದೇಶಕ್ಕೇ ಪರಿಚಿತರಾದವರು. ಹಾಡೇ ಇಲ್ಲದ ‘ಕಾನೂನ್’ (1960), ‘ಇತ್ತೆಫಾಕ್’ (1969) ಹಿಂದಿ ಚಿತ್ರಗಳಿಗೆ ಹಿನ್ನೆಲೆ ಸಂಗೀತ ಕೊಟ್ಟವರೂ ಅವರೇ. ಯಾವಾಗ ವಾದ್ಯ ನುಡಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬ ವಿವೇಕ ಅವರಿಗಿತ್ತು. ‘ಕೋಕಿಲ’ದಲ್ಲಿ ಹಾಡುಗಳ ಸರಮಾಲೆಯಿಲ್ಲ. ಮರ ಸುತ್ತುವ ಜೋಡಿಯ ಬದಲು ಮನೆಯ ಕಿಟಕಿ, ಮೆಟ್ಟಿಲು, ಮಬ್ಬು ಬೆಳಕು, ಅರ್ಧಕ್ಕೆ ನಿಂತ ಮಾತುಗಳೇ ಪ್ರೀತಿಯನ್ನು ಹೇಳುತ್ತವೆ. ತಪ್ಪು ನಡೆದ ಮೇಲೆ ಅದನ್ನು ಸಿಹಿಯಾಗಿಸಲು ಯಾವ ಯುಗಳಗೀತೆಯೂ ಬರುವುದಿಲ್ಲ.

ಸಲೀಲರ ಬಾಲ್ಯ ಕಳೆದದ್ದು ಅಸ್ಸಾಮಿನ ಚಹಾ ತೋಟದಲ್ಲಿ. ತಂದೆ ಅಲ್ಲಿ ವೈದ್ಯರು. ಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗ್ರಾಮಫೋನ್ ತಟ್ಟೆಗಳು, ಹೊರಗೆ ತೋಟದ ಕೂಲಿಗಳ ಹಾಡು. ಅಂದರೆ ಬಂಗಲೆ ಮತ್ತು ಲೈನು ಎರಡನ್ನೂ ಕಿವಿಯಲ್ಲಿ ತುಂಬಿಕೊಂಡು ಬೆಳೆದವರು. ಕೆ.ಜಿ.ಎಫ್.ನ ಬೀದಿಗಳಲ್ಲಿ ಅಡ್ಡಾಡಿದವರಿಗೆ ಆ ಎರಡು ಲೋಕಗಳ ನಡುವಿನ ದೂರ ಎಷ್ಟೆಂದು ಹೇಳಬೇಕಿಲ್ಲ. ‘ಕೋಕಿಲ’ದ ಹೂರಣವೂ ಅದೇ ದೂರ. ಮನೆಯ ಮಗಳ ಪ್ರೀತಿಗೆ ಸಂಗೀತವಿರುತ್ತದೆ, ಕೆಲಸದವಳ ಬದುಕಿಗೆ ಇರುವುದಿಲ್ಲ. ಆ ಅನ್ಯಾಯವನ್ನು ಚಿತ್ರ ಭಾಷಣ ಮಾಡದೆ ಎದುರಿಗಿಡುತ್ತದೆ.

ಬಾಲು ಮಹೇಂದ್ರರಿಗೆ ಈ ಕಥೆಯ ಮೇಲೆ ಎಷ್ಟು ಮೋಹವಿತ್ತೆಂದರೆ 1996ರಲ್ಲಿ ರಮೇಶ್ ಅರವಿಂದ್, ರೇವತಿ, ಹೀರಾ ಅವರನ್ನಿಟ್ಟುಕೊಂಡು ಹಿಂದಿಯಲ್ಲಿ ‘ಔರ್ ಏಕ್ ಪ್ರೇಮ್ ಕಹಾನಿ’ಯಾಗಿ ಮತ್ತೆ ತೆಗೆದರು. ಆಗ ಸಂಗೀತ ಇಳಯರಾಜ ಅವರದು. 2014ರಲ್ಲಿ ಬಾಲು ತೀರಿಕೊಂಡರು.

ಒಂದೇ ಡಿಸೆಂಬರಿನ ಎರಡು ಚಿತ್ರಗಳು

2018ರ ಡಿಸೆಂಬರಿನಲ್ಲಿ ಈ ಊರಿನ ಹೆಸರು ದೇಶದ ತುಂಬ ಮೊಳಗಿತು. ‘ಕೆ.ಜಿ.ಎಫ್.’ ಚಿತ್ರದ ಮೊದಲ ಭಾಗಕ್ಕಾಗಿ ಸಯನೈಡ್ ದಿಬ್ಬದ ಮೇಲೇ ಸೆಟ್ ಎದ್ದಿತ್ತು. ಚಿನ್ನ, ಸುತ್ತಿಗೆ, ರಕ್ತ, ನಡುವೆ ರವಿ ಬಸ್ರೂರರ ಅಬ್ಬರದ ಸಂಗೀತ. 2022ರಲ್ಲಿ ಎರಡನೆಯ ಭಾಗ ಬಂತು. 2024ರಲ್ಲಿ ಪಾ. ರಂಜಿತ್ ತಮಿಳಿನ ‘ತಂಗಲಾನ್’ನಲ್ಲಿ ಗಣಿಯ ಆರಂಭ ಕಾಲದ ದುಡಿಮೆಗಾರರ ಕಥೆ ಹೇಳಿದರು.

ಅದೇ 2018ರ ಡಿಸೆಂಬರಿನಲ್ಲಿ ಸದ್ದಿಲ್ಲದೆ ಇನ್ನೊಂದು ಕನ್ನಡ ಚಿತ್ರ ತೆರೆಗೆ ಬಂತು. ಮಂಸೋರೆ ನಿರ್ದೇಶನದ ‘ನಾತಿಚರಾಮಿ’. ಗಂಡನನ್ನು ಕಳೆದುಕೊಂಡ ಯುವತಿಯೊಬ್ಬಳಿಗೆ ಅವನ ನೆನಪೂ ಬೇಕು, ದೇಹದ ಬಯಕೆಯೂ ಇದೆ. ಇವೆರಡರ ನಡುವಿನ ಗೊಂದಲವನ್ನು ಅವಳು ಯಾರ ಬಳಿ ಹೇಳಿಕೊಳ್ಳಬೇಕು? ಶ್ರುತಿ ಹರಿಹರನ್ ಆ ಪಾತ್ರ ಮಾಡಿದರು. ಬಿಂದುಮಾಲಿನಿ ಸಂಗೀತ ನೀಡಿ, ಹಾಡಿ, ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅತ್ಯುತ್ತಮ ಕನ್ನಡ ಚಿತ್ರ ಪ್ರಶಸ್ತಿಯೂ ಅದಕ್ಕೇ ಸಂದಿತು. ಅದು ವಯಸ್ಕರ ಕಥೆ, ವಯಸ್ಕರೇ ನೋಡಬೇಕಾದದ್ದು. ಅಲ್ಲಿ ಹಾಡು ಬಯಕೆಯನ್ನು ಮರೆಮಾಚಲು ಬರುವುದಿಲ್ಲ. ಒಬ್ಬಂಟಿ ಮನಸ್ಸು ತನ್ನೊಡನೆ ತಾನು ಮಾತಾಡಿಕೊಂಡಂತೆ ಬರುತ್ತದೆ. ‘ಕೋಕಿಲ’ ಹಿಡಿದ ದಾರಿ ನಲವತ್ತು ವರ್ಷಗಳ ನಂತರವೂ ಮುಚ್ಚಿಹೋಗಿಲ್ಲ ಎಂಬುದಕ್ಕೆ ಇದು ನಿದರ್ಶನ.

ಕಿಟಕಿಯಿಂದ ಮುಖ ತಿರುಗಿಸಿ

ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಆಳದಲ್ಲಿ ಒತ್ತಡ ತುಂಬಿಕೊಂಡ ಬಂಡೆ ಮುನ್ಸೂಚನೆಯಿಲ್ಲದೆ ಸಿಡಿಯುತ್ತಿತ್ತು. ಮೇಲೆ ಮನೆಯ ಪಾತ್ರೆಗಳು ಅಲುಗಾಡುತ್ತಿದ್ದವು, ಕೆಳಗಿದ್ದವರ ಮನೆಯವರು ಗಣಿಯ ಬಾಯಿಗೆ ಓಡುತ್ತಿದ್ದರು. ಮನೆಯಲ್ಲಿ ಮಾತಾಗದೆ ಉಳಿದ ಸಂಗತಿಗಳೂ ಹಾಗೆಯೇ. ಹದಿಹರೆಯದ ಮಗನಿಗೋ ಮಗಳಿಗೋ ದೇಹದ ಬಗ್ಗೆ, ಪ್ರೀತಿಯ ಬಗ್ಗೆ, ಇನ್ನೊಬ್ಬರ ಒಪ್ಪಿಗೆಯ ಬಗ್ಗೆ ಹೇಳುವವರು ಸಿನಿಮಾ ಹಾಡು ಮತ್ತು ಮೊಬೈಲ್ ಪರದೆ ಮಾತ್ರವಾದರೆ ತಪ್ಪು ಮಕ್ಕಳದಷ್ಟೇ ಅಲ್ಲ.

ತಂದೆ ತಾಯಿ ಉಪದೇಶಕ್ಕೆ ಕೂರಬೇಕಿಲ್ಲ. ಕಥೆಯೊಂದರ ನೆವ ಸಾಕು. ‘ಆ ಹುಡುಗ ಮಾಡಿದ್ದು ಸರಿಯೇ? ಆ ಕೆಲಸದವಳಿಗೆ ಏನು ಬೇಕಿತ್ತೆಂದು ಯಾರಾದರೂ ಕೇಳಿದರೇ? ಕೋಕಿಲಳ ಜಾಗದಲ್ಲಿ ನೀನಿದ್ದರೆ?’ ಎಂದು ಕೇಳಿದರೆ ಮಾತು ತಾನಾಗಿ ತೆರೆದುಕೊಳ್ಳುತ್ತದೆ. ಬೇರೆಯವರ ಕಥೆಯ ಬಗ್ಗೆ ಮಾತನಾಡುವುದು ಎಲ್ಲರಿಗೂ ಸುಲಭ. ವಿದ್ಯಾರ್ಥಿಗಳೂ ಅಷ್ಟೆ. ಕಿವಿಯಲ್ಲಿ ಹಾಡು ಮುಗಿದ ಮೇಲೆ ಪಕ್ಕದಲ್ಲಿರುವವರಿಗೆ ಒಂದು ಮನಸ್ಸು, ಒಂದು ಭಯ, ಬೇಡವೆನ್ನುವ ಹಕ್ಕು ಇದೆಯೆಂದು ನೆನಪಿಡುವುದು ಪ್ರೀತಿಯ ಮೊದಲ ಪಾಠ.

ಊರು ನೋಡಲು ಬರುವವರು ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಮಾರಿಕುಪ್ಪಂ ಗಾಡಿ ಹಿಡಿಯಬಹುದು. ಹಳೆಯ ಗಣಿಯ ಲೋಹದ ಗೋಪುರಗಳು, ಚಾಂಪಿಯನ್ ರೀಫಿನ ಚರ್ಚು, ರಾಬರ್ಟ್‌ಸನ್‌ಪೇಟೆಯ ಪೇಟೆಬೀದಿ, ದಾರಿಯಲ್ಲಿ ಕಮ್ಮಸಂದ್ರದ ಕೋಟಿಲಿಂಗೇಶ್ವರ ನೋಡಲು ಒಂದು ದಿನ ಸಾಕು. ದಿಬ್ಬಗಳನ್ನು ದೂರದಿಂದ ನೋಡುವುದೇ ಕ್ಷೇಮ, ಅದರ ಧೂಳು ಒಳ್ಳೆಯದಲ್ಲ. ಆ ಮಣ್ಣಿನಲ್ಲಿ ಇನ್ನೂ ಉಳಿದಿರುವ ಚಿನ್ನವನ್ನು ತೆಗೆಯುವ ಮಾತು ವರ್ಷಗಳಿಂದ ನಡೆದೇ ಇದೆ.

ಹಿಂತಿರುಗುವಾಗ ಬಂಗಾರಪೇಟೆಯಲ್ಲಿ ಪಾನಿಪೂರಿ ತಿನ್ನದೆ ಹೊರಟರೆ ಪ್ರವಾಸ ಅರ್ಧ. ಇಲ್ಲಿನ ಪಾನಿ ಹಸಿರೂ ಅಲ್ಲ, ಕೆಂಪೂ ಅಲ್ಲ. ಕುಡಿಯುವ ನೀರಿನಂತೆ ತಿಳಿ. ನಂಬಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು ತರಿಸುವ ಖಾರ. ಗಾಡಿಯ ಸುತ್ತ ತಟ್ಟೆ ಹಿಡಿದು ನಿಂತ ಅಪ್ಪ, ಅಮ್ಮ, ಕಾಲೇಜಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿರುತ್ತಾರೆ. ಮಾತು ಶುರುಮಾಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕೇ? ಮುಂದಿನ ಗಾಡಿಗೆ ಹೇಗೂ ಇನ್ನೂ ಸಮಯವಿರುತ್ತದೆ.